ಎಂ.ಜಿ. ಕಾರಿಗೆ ಅಂಬಾಸಡರ್ ಎಂಜಿನ್

ರಾಜಾಜಿನಗರ, ಬೆಂಗಳೂರು
16-2-1975

ರೀ,

ಗಂಡನಿಗೆ ಬರೆಯುವಾಗ ಚರಣಕಮಲಗಳಿಂದ ಶುರು ಮಾಡಬೇಕೆಂದು ಅತ್ತೆ ಪಕ್ಕದಲ್ಲೇ ಕುಳಿತು ಹೇಳಿಕೊಡುತ್ತಿದ್ದಾರೆ. ನಿಮ್ಮ ಚರಣಗಳು ಈಗ ಕುವೈತಿನ ಮರಳಿನಲ್ಲಿ ಹೂತಿರುತ್ತವೆ. ನನ್ನ ನಮಸ್ಕಾರ ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಣಗಿಹೋಗಿರುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬಾಣಂತನ ಮುಗಿಸಿಕೊಂಡು ದಾವಣಗೆರೆಯಿಂದ ಮೊನ್ನೆ ಬಂದೆ. ಮಗಳು ಗುಂಡುಗುಂಡಗೆ ಚೆನ್ನಾಗಿದ್ದಾಳೆ. ನಿಮ್ಮ ಅಜ್ಜಿಯ ಹೆಸರನ್ನೇ ಇಟ್ಟೆವು, ಜಗದಂಬಾ ಎಂದು. ಅಷ್ಟುದ್ದ ಕರೆಯುವಷ್ಟರಲ್ಲಿ ಅಳು ಶುರುವಾಗುತ್ತದೆ, ಅದಕ್ಕೇ ಮನೆಯಲ್ಲಿ ಜಗ್ಗು. ಮೂಗು ನಿಮ್ಮದು, ಕೋಪ ನನ್ನದು.

ಇನ್ನು ನಿಮ್ಮ ಕಾರು. ನೀವು ಕೆಲಸಕ್ಕಿದ್ದ ದಂಡು ಪ್ರದೇಶದ ಗ್ಯಾರೇಜ್ ಮುಚ್ಚಿ ಆಸ್ಟ್ರೇಲಿಯಾಕ್ಕೆ ಹೊರಟ ಬಿಳಿಯ ದೊರೆ ನಿಮ್ಮ ಕೈಗೆ ಕೊಟ್ಟುಹೋದ ಇಂಗ್ಲೆಂಡಿನ ಆ ಎರಡು ಸೀಟಿನ ಕೆಂಪು ಎಂ.ಜಿ.ಯನ್ನು ನನಗಿಂತ ಹೆಚ್ಚು ಮುದ್ದು ಮಾಡುತ್ತಿದ್ದಿರಲ್ಲ, ಅದು ಶೆಡ್ಡಿನಲ್ಲಿ ನೀವು ಬಿಟ್ಟುಹೋದ ಹಾಗೇ ಇದೆ ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಹಾಗಿಲ್ಲ. ನೀವು ಎಂಜಿನ್ನಿನ ಮೇಲಿನ ಭಾಗ ಬಿಚ್ಚಿ, ಒಳಗೆ ಎಣ್ಣೆ ಸವರಿ, ಬಟ್ಟೆ ಮುಚ್ಚಿ, ‘ಬಂದು ಜೋಡಿಸ್ತೀನಿ’ ಎಂದು ಹೋದಿರಿ. ನಾನು ತವರಿನಲ್ಲಿದ್ದಾಗ ಆಯುಧಪೂಜೆ ಬಂತು. ಅತ್ತೆ ಬಟ್ಟೆ ಎತ್ತಿ ನೋಡಿದರೆ ಪಿಸ್ಟನ್ ಆಡುವ ಕಡೆ ಸಾಲಾಗಿ ನಾಲ್ಕು ದುಂಡನೆಯ ಬಟ್ಟಲು. ಯಾರೋ ಪೂಜೆಗೆಂದೇ ಮಾಡಿಟ್ಟ ಹಾಗೆ ಕಂಡವಂತೆ. ಪರದೇಶದಲ್ಲಿರುವ ಮಗನ ಕೈಕೆಲಸಕ್ಕೆ ಒಳ್ಳೆಯದಾಗಲಿ ಎಂದು ಒಂದಕ್ಕೆ ಹಾಲು, ಒಂದಕ್ಕೆ ಮೊಸರು, ಒಂದಕ್ಕೆ ಎಳನೀರು, ಒಂದಕ್ಕೆ ಜೇನುತುಪ್ಪ ಹಾಕಿ ಅಭಿಷೇಕ ಮಾಡಿದ್ದಾರೆ. ಮೇಲೆ ವಿಭೂತಿ. ಮುಗಿದ ಮೇಲೆ ಧೂಳು ಕೂರಬಾರದೆಂದು ಬಟ್ಟೆಯನ್ನೂ ಮುಚ್ಚಿದ್ದಾರೆ.

ನಾನು ಬಂದು ತೆರೆದಾಗ ಬಂದ ವಾಸನೆಯನ್ನು ಬರೆಯಲಾರೆ. ಒಳಗೆಲ್ಲ ತುಕ್ಕು. ಅತ್ತೆ ಮಾತ್ರ, ‘ನನ್ನ ಪೂಜೆ ಸಮಾಚಾರ ಬರದ್ಯೇನವ್ವ?’ ಎಂದು ಹೆಮ್ಮೆಯಿಂದ ಕೇಳುತ್ತಿದ್ದಾರೆ. ಬರೆದೆ ಎಂದೆ. ಅವರಿಗೆ ಓದಲು ಬರದಿರುವುದು ಈ ಹೊತ್ತಿಗೆ ನನ್ನ ಪುಣ್ಯ. ಏನು ಮಾಡಲಿ ಹೇಳಿ.

ನಿಮ್ಮ
ರಾಜಿ


ಕುವೈತ್
9-3-1975

ಪ್ರೀತಿಯ ರಾಜಿ,

ಕಾಗದ ಓದಿ ತಲೆಯ ಮೇಲೆ ಕೈಹೊತ್ತು ಕುಳಿತೆ. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ರೂಮಿನಲ್ಲಿರುವ ಮಲಯಾಳಿಗೆ ವಿವರಿಸಲು ಹೋದೆ. ಅವನು ನನ್ನನ್ನು ನೋಡಿ ಇವನಿಗೆ ಬಿಸಿಲು ಹೆಚ್ಚಾಯಿತು ಎಂದುಕೊಂಡ. ಪಂಚಾಮೃತ ಕುಡಿದ ಎಂಜಿನ್ ಪ್ರಪಂಚದಲ್ಲಿ ಅದೊಂದೇ ಇರಬೇಕು. ಅಮ್ಮನಿಗೆ ಮಾತ್ರ ಹೇಳಬೇಡ. ಅವಳು ನನಗೋಸ್ಕರ ಮಾಡಿದ್ದು.

ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಣಗಿಸಿ, ನಾಲ್ಕಕ್ಕೂ ಸೀಮೆಎಣ್ಣೆ ತುಂಬಿಸಿ ಬಿಡು. ವಾರಗಟ್ಟಲೆ ಹಾಗೇ ನೆನೆಯಲಿ. ಹೊಸಹಳ್ಳಿಯ ಹನುಮಯ್ಯನಿಗೆ ಹೇಳಿಕಳಿಸು, ಗ್ಯಾರೇಜಿನಲ್ಲಿ ನನ್ನ ಜೊತೆಗಿದ್ದವನು. ಬಾಯಿ ದೊಡ್ಡದು, ಕೆಲಸ ಪರವಾಗಿಲ್ಲ. ಹ್ಯಾಂಡಲ್ ಹಾಕಿ ಮೆಲ್ಲಗೆ ಅಲುಗಿಸಿ ನೋಡಲಿ. ಬಲ ಹಾಕುವುದು ಬೇಡ.

ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳ ಎಂಜಿನ್ ಬಿಚ್ಚುವುದೇ ಕೆಲಸ. ಒಂದಕ್ಕೂ ಮುಖವಿಲ್ಲ. ಮಲಗಿ ಕಣ್ಣು ಮುಚ್ಚಿದರೆ ನಮ್ಮ ಕಾರಿನ ಒಂದೊಂದು ಬೋಲ್ಟನ್ನೂ ಬಿಚ್ಚಿ ಒರೆಸಿ ಮತ್ತೆ ಜೋಡಿಸುತ್ತೇನೆ. ಜೋಡಿಸಿ ಮುಗಿಯುವ ಹೊತ್ತಿಗೆ ನೀನು ಪಕ್ಕದಲ್ಲಿ ಕುಳಿತಿರುತ್ತೀಯ, ಮಾಗಡಿ ರಸ್ತೆಯಲ್ಲಿ ಹೋಗುತ್ತಿರುತ್ತೇವೆ, ನಿನ್ನ ಸೆರಗು ಹಾರಿ ನನ್ನ ಮುಖ ಮುಚ್ಚುತ್ತದೆ, ರಸ್ತೆ ಕಾಣದೆ ನಾನು ಬೈಯುತ್ತೇನೆ. ದಿನಾ ಇದೇ. ಜಗ್ಗು ಎಲ್ಲಿ ಕೂರುತ್ತಾಳೆ ಎನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ರಜೆ ಸಿಗುತ್ತದೆ. ಬಂದವನೇ ಜೋಡಿಸುತ್ತೇನೆ.

ನಿನ್ನ
ಚನ್ನವೀರ


ರಾಜಾಜಿನಗರ
20-7-1975

ರೀ,

ನಿಮ್ಮ ಹನುಮಯ್ಯ ಬಂದ. ಬರುತ್ತಲೇ, ‘ಅಕ್ಕಾ, ಅರಮನೆ ಕಾರೇ ಬಿಚ್ಚಿ ಜೋಡ್ಸಿದೋನು ನಾನು, ಇದೇನ್ ಮಹಾ’ ಎಂದ. ಎರಡು ಪಿಸ್ಟನ್ ಬಿಟ್ಟವು. ಹಾಲು ಮತ್ತು ಎಳನೀರಿನವು. ಮೊಸರಿನದ್ದೂ ಜೇನಿನದ್ದೂ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಲ ಹಾಕಬೇಡ ಎಂದು ನಿಮ್ಮ ಕಾಗದ ಓದಿ ಹೇಳಿದೆ. ಅವನು ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಕೊಟ್ಟ. ಒಳಗೆ ಎಲ್ಲೋ ಟಕ್ ಎಂದಿತು. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬಿರುಕು ಬಿಟ್ಟಿದೆ. ಅವನು ಬಂದಾಗಿನಿಂದ ಬಾಯಿ ಮುಚ್ಚಿದ್ದು ಆಗ ಒಂದೇ ಸಲ.

ಮಾರನೆಯ ದಿನ ತಾನೇ ಒಂದು ದಾರಿ ಹುಡುಕಿಕೊಂಡು ಬಂದ. ಕೆಂಗೇರಿಯ ಹತ್ತಿರ ಹುಣಸೆಮರಕ್ಕೆ ಗುದ್ದಿದ ಅಂಬಾಸಡರ್ ಟ್ಯಾಕ್ಸಿಯೊಂದು ಇದೆಯಂತೆ, ಅವನ ಷಡ್ಡಕನದು. ಮುಂಭಾಗ ಅಪ್ಪಚ್ಚಿ, ಎಂಜಿನ್ ಮಾತ್ರ ಗಟ್ಟಿಮುಟ್ಟು. ಅದನ್ನು ತಂದು ನಮ್ಮದಕ್ಕೆ ಕೂರಿಸಬಹುದು, ಸಾಮಾನು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಎನ್ನುತ್ತಾನೆ. ನೀವು ಹೂಂ ಎನ್ನಿ. ನೀವು ಬರುವ ಹೊತ್ತಿಗೆ ಕಾರು ಓಡುತ್ತಿರಬೇಕು. ಬಂದ ಮೇಲೆ ಶೆಡ್ಡಿನೊಳಗೆ ಹೋಗಿ ಕಾಲು ಮಾತ್ರ ಹೊರಗೆ ಚಾಚಿ ಮಲಗಿದರೆ ನಾನು ಯಾರ ಜೊತೆ ಮಾತಾಡಲಿ?

ರಾಜಿ


ರಾಜಾಜಿನಗರ
12-10-1975

ರೀ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಎಂಜಿನ್ ವಿಷಯಕ್ಕೆ ಕೋಪವಿದ್ದರೆ ಎಂಜಿನ್ ಹಾಳಾಗಿ ಹೋಗಲಿ. ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆಯಿರಿ. ಅತ್ತೆ ನಿಮಗೋಸ್ಕರ ಹರಕೆ ಹೊತ್ತು ಎರಡು ಸೋಮವಾರ ಊಟ ಬಿಟ್ಟಿದ್ದಾರೆ. ನಾನು ಬಿಟ್ಟಿಲ್ಲ, ಹಾಲು ಕುಡಿಯುವ ಮಗು ಇದೆ.

ರಾಜಿ


ಕುವೈತ್
2-12-1975

ರಾಜಿ,

ಚೆನ್ನಾಗಿದ್ದೇನೆ. ಮರಳುಗಾಡಿನ ಒಳಗೆ ದೂರದ ಕ್ಯಾಂಪಿಗೆ ಕಳಿಸಿದ್ದರು, ಅಂಚೆ ಇರಲಿಲ್ಲ. ಅಕ್ಷರ ನೋಡಿ ನಗಬೇಡ, ಲಾರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಅಂಬಾಸಡರ್ ಎಂಜಿನ್ ಬೇಡ. ಇಂಗ್ಲೆಂಡಿನಿಂದ ಸಾಮಾನು ತರಿಸುತ್ತೇನೆ. ಆ ಎಂಜಿನ್ ಇಲ್ಲದಿದ್ದರೆ ಅದು ಬೇರೆ ಕಾರು. ಹೊರಗೆ ಅದೇ ಬಣ್ಣ, ಒಳಗೆ ಯಾರೋ. ಅಂಥದ್ದನ್ನು ಇಟ್ಟುಕೊಂಡು ಏನು ಮಾಡುವುದು? ಕಾಯಿ.

ಅಮ್ಮನಿಗೆ ಊಟ ಮಾಡಲು ಹೇಳು.

ಚನ್ನವೀರ


ರಾಜಾಜಿನಗರ
11-1-1976

ರೀ,

ಆ ಲಾರಿಯ ಡ್ರೈವರ್ ಯಾರು? ಹಳ್ಳ ನೋಡಿ ನೋಡಿ ಇಳಿಸಿದ ಹಾಗಿದೆ. ಕಾಗೆಯ ಕಾಲಿಗೆ ಮಸಿ ಬಳಿದು ಬಿಟ್ಟರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿತ್ತು. ಅತ್ತೆ ಕಾಗದವನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ, ‘ಇದು ನನ್ ಮಗನ ಬರವಣಿಗೆ ಅಲ್ಲ ಕಣವ್ವ’ ಎಂದರು. ಓದಲು ಬರದವರಿಗೂ ನಿಮ್ಮ ಗುಂಡಗಿನ ಅಕ್ಷರದ ಗುರುತಿದೆ ನೋಡಿ. ‘ಇದು ಅವರದೇ ಅಕ್ಷರ ಅತ್ತೆ, ನೀವು ಸುಮ್ಮನಿರಿ’ ಎಂದು ನಾನೇ ಗದರಿದೆ.

ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ನಿಮ್ಮ ಫೋಟೋ ತೋರಿಸಿದರೆ ನೆಕ್ಕುತ್ತಾಳೆ.

ಕಾಯಿ ಎಂದಿರಿ. ಕಾಯುತ್ತೇನೆ. ಜೂನ್ ದೂರವೇನಿಲ್ಲ. ನೀವು ಬೇಡವೆಂದದ್ದಕ್ಕೆ ಹನುಮಯ್ಯನಿಗೂ ಆ ಎಂಜಿನ್ ಬೇಡ ಎಂದು ಹೇಳಿ ಕಳಿಸಿದೆ. ಒಂದೇ ಒಂದು ಕೇಳುತ್ತೇನೆ, ಬೈಯಬೇಡಿ. ಎರಡು ಹಾಳೆ ತುಂಬ ಬರೆಯುತ್ತಿದ್ದವರು ಈ ಸಲ ಮಗಳ ಹೆಸರನ್ನೂ ಬರೆದಿಲ್ಲ. ಮರೆತಿರಾ?

ರಾಜಿ


ಕುವೈತ್
30-5-1976

ರಾಜಿ,

ಜೂನ್‌ನಲ್ಲಿ ಬರಲು ಆಗುವುದಿಲ್ಲ. ಬೇರೆಯವರು ರಜೆಗೆ ಹೋಗಿದ್ದಾರೆ. ಇಂಗ್ಲೆಂಡಿನ ಸಾಮಾನು ಬರುವುದೂ ತಡವಾಗುತ್ತಿದೆ. ಅದು ಕೈಗೆ ಬಂದ ಮೇಲೆ ಹೊರಡುತ್ತೇನೆ. ಬರಿಗೈಯಲ್ಲಿ ಬಂದು ಏನು ಮಾಡಲಿ?

ಜಗ್ಗುವಿಗೆ ಮುತ್ತು. ಮರೆತಿಲ್ಲ.

ಚನ್ನವೀರ


ರಾಜಾಜಿನಗರ
7-10-1976

ರೀ,

ಈ ಕಾಗದವನ್ನು ಕುಳಿತು ಓದಿ.

ನಿಮ್ಮ ಮಾತು ಮೀರಿದ್ದೇನೆ. ಜೂನ್‌ನಲ್ಲಿ ನೀವು ಬರುವುದಿಲ್ಲ ಎಂದು ಓದಿದ ದಿನವೇ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊಸಹಳ್ಳಿಗೆ ಹೋದೆ. ‘ಹನುಮಯ್ಯ, ಆ ಎಂಜಿನ್ ಇನ್ನೂ ಇದೆಯೇನಪ್ಪ?’ ಎಂದೆ. ‘ನಿಮಗೇ ಅಂತ ಮಡಗಿದೀನಿ ಅಕ್ಕೋ’ ಎಂದ. ಸುಳ್ಳು, ಯಾರೂ ಕೊಂಡಿರಲಿಲ್ಲ ಅಷ್ಟೆ.

ಮೂರು ಸರ್ವೆಮರದ ಕಂಬ ಕಟ್ಟಿ, ಚೈನು ಹಾಕಿ ಹಳೆಯದನ್ನು ಎತ್ತಿ ಹೊರಗಿಟ್ಟೆವು. ಹೊಸದು ನಮ್ಮ ಗೇರ್‌ಬಾಕ್ಸಿಗೆ ಕೂರುವುದಿಲ್ಲ, ಇದರ ತೂತು ಒಂದು ಕಡೆ, ಅದರ ತೂತು ಒಂದು ಕಡೆ. ಮಧ್ಯೆ ದಪ್ಪ ಕಬ್ಬಿಣದ ಪ್ಲೇಟೊಂದು ಬೇಕು. ಮದುವೆಯ ದಲ್ಲಾಳಿಯ ಹಾಗೆ ಅದು ಇಬ್ಬರಿಗೂ ಒಪ್ಪುವಂತಿರಬೇಕು. ಹನುಮಯ್ಯ ಹಳೆಯ ಪೇಪರಿನ ಮೇಲೆ ಅಳತೆ ಗುರುತು ಮಾಡಿಕೊಂಡು ಇಂಡಸ್ಟ್ರಿಯಲ್ ಎಸ್ಟೇಟಿನ ಲೇತಿನಂಗಡಿಗೆ ಹೋದ. ಪ್ಲೇಟು ಬಂತು, ತೂತೆಲ್ಲ ಉಲ್ಟಾ. ಮಹಾನುಭಾವ ಪೇಪರನ್ನು ಮಗುಚಿ ಕೊಟ್ಟಿದ್ದ. ಎರಡನೆಯ ಸಲ ನಾನೇ ಹೋಗಿ, ಯಾವುದು ಮೇಲ್ಮೈ ಎಂದು ಸೀಮೆಸುಣ್ಣದಲ್ಲಿ ಬರೆದು ಕೊಟ್ಟು ಬಂದೆ. ಲೇತಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ. ಬೋಲ್ಟು ಬಿಗಿದದ್ದು ನಾನು, ಹನುಮಯ್ಯ ಹೇಳುತ್ತಿದ್ದ. ಅವನ ಕೈ ದಪ್ಪ, ಒಳಗೆ ಹೋಗುತ್ತಿರಲಿಲ್ಲ. ನನ್ನ ಉಗುರಿನೊಳಗೆಲ್ಲ ಈಗ ಗ್ರೀಸು. ಚಪಾತಿ ಹಿಟ್ಟು ನಾದಿದರೂ ಹೋಗುವುದಿಲ್ಲ.

ಕೆಲಸದ ಭರದಲ್ಲಿ ಹನುಮಯ್ಯ ಅತ್ತೆಯ ಎದುರಿಗೇ ಬಾಯಿ ಬಿಟ್ಟ, ‘ಅಜ್ಜಿ, ಹಳೇದನ್ನ ತಿಂದಿದ್ದು ನಿಮ್ ಮೊಸರೇ’ ಎಂದು. ಅತ್ತೆ ಎರಡು ದಿನ ಶೆಡ್ಡಿನ ಕಡೆಗೇ ತಿರುಗಲಿಲ್ಲ. ಈ ಸಲದ ಆಯುಧಪೂಜೆಗೆ ಶೆಡ್ಡಿನ ಹೊರಗೇ ನಿಂತು, ‘ದೂರದಿಂದ ಊದಿನಕಡ್ಡಿ ಬೆಳಗಿದ್ರೆ ಏನೂ ಆಗಲ್ವೇನವ್ವ?’ ಎಂದು ನನ್ನನ್ನು ಕೇಳಿದರು. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.

ಅವತ್ತೇ ಸ್ಟಾರ್ಟ್ ಆಯಿತು. ಬೀದಿಯವರೆಲ್ಲ ಬಂದಿದ್ದರು. ಹನುಮಯ್ಯ ಓಡಿಸಿದ, ನಾನು ಪಕ್ಕದಲ್ಲಿ, ಮಡಿಲಲ್ಲಿ ಜಗ್ಗು. ಹೊಸಹಳ್ಳಿಯವರೆಗೆ ಹೋಗಿ ಬಂದೆವು. ಸೆರಗು ಹಾರಿ ಹನುಮಯ್ಯನ ಮುಖಕ್ಕೆ ಬಡಿಯಿತು. ಅವನು, ‘ಅಕ್ಕಾ, ಸೆರಗು ಸಿಗಿಸ್ಕಳಿ’ ಎಂದ. ಆಗ ಅಳು ಬಂತು. ಧೂಳು ಎಂದೆ.

ಈಗ ಕಾರು ಸರಿಯಾಗಿದೆ. ಇನ್ನು ನಿಮಗೆ ಯಾವ ಇಂಗ್ಲೆಂಡಿನ ಸಾಮಾನೂ ಬೇಕಾಗಿಲ್ಲ, ಅಲ್ಲಿ ಕೂತಿರಲು ಯಾವ ನೆಪವೂ ಉಳಿದಿಲ್ಲ. ನೆಪ ಎಂದೇ ಬರೆಯುತ್ತೇನೆ. ನಾನು ದಡ್ಡಿಯಲ್ಲ. ಕಾಗದ ಚಿಕ್ಕದಾಗುತ್ತಾ ಬಂತು, ಅಕ್ಷರ ಕೆಡುತ್ತಾ ಬಂತು, ಬರುವ ಮಾತು ಮುಂದಕ್ಕೆ ಹೋಗುತ್ತಾ ಬಂತು. ಅಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ಹೇಳಿಬಿಡಿ, ಅದನ್ನೂ ಕೇಳಿ ಬದುಕುತ್ತೇನೆ. ನಿಮ್ಮ ಶರ್ಟನ್ನು ಇನ್ನೂ ಒಗೆಯದೆ ಇಟ್ಟಿದ್ದೇನೆ, ಗ್ರೀಸಿನ ವಾಸನೆ ಬೇಕೆಂದು. ಈಗ ನನ್ನ ಸೀರೆಗೇ ಆ ವಾಸನೆ ಬಂದಿದೆ. ಆದರೂ ಅದು ನಿಮ್ಮದಲ್ಲ. ನನಗೆ ನೀವು ಬೇಕು.

ರಾಜಿ


ಕುವೈತ್
19-12-1976

ರಾಜಿ,

ಯಾರೂ ಇಲ್ಲ. ನಾನೂ ಪೂರ್ತಿ ಇಲ್ಲ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಬಸ್ಸಿನ ಎಂಜಿನ್ ಎತ್ತುತ್ತಿದ್ದೆವು. ಚೈನು ಕಿತ್ತಿತು. ನನ್ನ ಬಲಗೈ ಕೆಳಗಿತ್ತು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿವೆ, ನಡುವಿನ ಮೂರು ಇಲ್ಲ. ಮರಳುಗಾಡಿನ ಕ್ಯಾಂಪು ಸುಳ್ಳು, ಆಸ್ಪತ್ರೆಯಲ್ಲಿದ್ದೆ. ಲಾರಿಯೂ ಸುಳ್ಳು, ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೆ. ನೀನು ಕಾಗೆಯ ಕಾಲು ಎಂದು ತಮಾಷೆ ಮಾಡಿದ ದಿನ ನಗಲು ನೋಡಿದೆ, ಆಗಲಿಲ್ಲ. ಇಂಗ್ಲೆಂಡಿಗೆ ನಾನು ಯಾವ ಸಾಮಾನಿಗೂ ಬರೆದಿಲ್ಲ.

ಈಗ ಸ್ಟೋರಿನಲ್ಲಿ ಕೂರಿಸಿದ್ದಾರೆ. ಕಿಟಕಿಯ ಹೊರಗಿನಿಂದ ಹುಡುಗರು ಸ್ಪ್ಯಾನರ್ ನಂಬರ್ ಕೂಗುತ್ತಾರೆ, ಎತ್ತಿ ಕೊಡುತ್ತೇನೆ. ನಾನು ಹಿಡಿಯುತ್ತಿದ್ದ ಸ್ಪ್ಯಾನರುಗಳೇ.

ಎಂಜಿನ್ ಬೇರೆಯಾದರೆ ಕಾರು ಬೇರೆ ಎಂದು ಬರೆದೆನಲ್ಲ, ಅವತ್ತು ನಾನು ಕಾರಿನ ಮಾತು ಆಡಿರಲಿಲ್ಲ. ನೀನು ಮದುವೆಯಾದದ್ದು ಒಬ್ಬ ಮೆಕ್ಯಾನಿಕ್‌ನನ್ನು. ಅದು ಬಿಟ್ಟರೆ ನನ್ನಲ್ಲಿ ಏನಿತ್ತು? ಸರ್ವೆ ಕಂಬಕ್ಕೆ ಚೈನು ಹಾಕಿ ಎತ್ತಿದೆವು ಎಂದು ನೀನು ಬರೆದ ಕಡೆ ಓದುವುದನ್ನು ನಿಲ್ಲಿಸಿ, ಆ ಹಾಳೆಯನ್ನು ಮಡಿಸಿಟ್ಟು ಮಾರನೆಯ ದಿನ ಓದಿದೆ. ಬೋಲ್ಟು ಬಿಗಿದದ್ದು ನಾನು ಎಂದಿದ್ದೀಯ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಎರಡೂ ನಿಜ.

ನನ್ನ ಮೂರು ವರ್ಷದ ಕರಾರು ಜೂನ್‌ಗೆ ಮುಗಿಯುತ್ತದೆ. ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು, ಇಲ್ಲವೇ ಈಗಲೇ ಊರಿಗೆ ಹೊರಡು ಎಂದು ಆಫೀಸಿನವರು ಕೇಳಿದ್ದಾರೆ. ಜನವರಿ ಮುಗಿಯುವುದರೊಳಗೆ ಹೇಳಬೇಕು. ಕಾಗದ ಮೇಜಿನ ಮೇಲಿದೆ. ಸ್ಟೋರಿನ ಕೆಲಸಕ್ಕೆ ಎರಡು ಬೆರಳು ಸಾಕು. ಅಲ್ಲಿ ಬಂದು ನಿನ್ನ ಎದುರಿಗೆ ಈ ಕೈ ಇಟ್ಟುಕೊಂಡು ಎಲ್ಲಿ ಕೂರಲಿ ಎಂದು ತಿಳಿಯುತ್ತಿಲ್ಲ. ಅಮ್ಮನಿಗೆ ಹೇಗೆ ಹೇಳುತ್ತೀಯೋ.

ಬರುವ ಆಸೆ ಇಲ್ಲ ಎಂದು ಮಾತ್ರ ತಿಳಿಯಬೇಡ. ಇಲ್ಲಿ ಬದುಕುತ್ತಿರುವುದೇ ಆ ಆಸೆಯಲ್ಲಿ.

ಚನ್ನವೀರ


ರಾಜಾಜಿನಗರ
3-1-1977

ರೀ,

ಕಾಗದ ಮಧ್ಯಾಹ್ನ ಬಂತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಿಮ್ಮ ಬೆರಳಿಗೆ ಸ್ವಲ್ಪ ಅತ್ತೆನೋ ಏನೋ, ಉಳಿದದ್ದೆಲ್ಲ ಸಿಟ್ಟಿಗೆ. ಆಸ್ಪತ್ರೆಯಲ್ಲಿ ಒಬ್ಬರೇ ಮಲಗಿದ್ದಿರಿ, ಇಲ್ಲಿ ನಾನು ನಿಮ್ಮ ಅಕ್ಷರ ನೋಡಿ ನಗಾಡುತ್ತಿದ್ದೆ. ನಿಮ್ಮ ನೋವಿನಲ್ಲಿ ನನಗೆ ಒಂದು ಪಾಲನ್ನೂ ಕೊಡದೆ ಎಲ್ಲವನ್ನೂ ಒಬ್ಬರೇ ಉಂಡಿರಲ್ಲ, ಅದಕ್ಕೆ ಸಿಟ್ಟು. ಬಂದ ಮೇಲೆ ಚೆನ್ನಾಗಿ ಜಗಳ ಆಡುವುದಿದೆ.

ಮುಖ ತೊಳೆದುಕೊಂಡು ಹೋಗಿ ಅತ್ತೆಗೆ ಹೇಳಿದೆ. ಹೇಗೆ ಹೇಳುತ್ತೀಯೋ ಎಂದಿದ್ದಿರಿ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

‘ಯಾವ ಕೈ?’

‘ಬಲಗೈ ಅತ್ತೆ.’

‘ಎಡಗೈ?’

‘ನೆಟ್ಟಗಿದೆ.’

ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ತಮ್ಮ ಎಡಗೈಯನ್ನೇ ಬಿಡಿಸಿ ನೋಡಿಕೊಂಡು ಹೇಳಿದರು, ‘ಲಿಂಗ ಹಿಡಿಯೋ ಕೈ ಐತಲ್ಲವ್ವ. ಶಿವ ಕೂರೋ ಜಾಗ ಬಿಟ್ಟು ಮಿಕ್ಕಿದ್ದು ತಗೊಂಡವನೆ. ಪತ್ರೆ ಏರ್ಸೋಕೆ ನಾನಿಲ್ವಾ, ನೀನಿಲ್ವಾ? ಬರಾಕೆ ಹೇಳು.’ ಎದ್ದು ಹೋಗಿ ನಿಮ್ಮ ಲಿಂಗಪೂಜೆಯ ಮಣೆಯನ್ನು ಅಟ್ಟದಿಂದ ಇಳಿಸಿ ತೊಳೆದು, ಬಿಸಿಲಿಗೆ ಒರಗಿಸಿದ್ದಾರೆ. ನಾನು ಇದನ್ನು ಬರೆಯುವಾಗಲೂ ಅದು ಅಂಗಳದಲ್ಲಿದೆ.

ನಾನು ಮೆಕ್ಯಾನಿಕ್‌ನನ್ನು ಮದುವೆಯಾದೆ ಎಂದು ನಿಮಗೆ ಯಾರು ಹೇಳಿದರು? ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ಬಾಗಿಲು ಕಿರ್ರೆನ್ನುವುದನ್ನು ಕೇಳಲಾಗದೆ, ಎಲ್ಲರೂ ಉಪ್ಪಿಟ್ಟು ತಿನ್ನುವಾಗ ಎದ್ದು ಹೋಗಿ ಕೀಲಿಗೆ ಎಣ್ಣೆ ಬಿಟ್ಟುಬಂದ ಮನುಷ್ಯನನ್ನು ನಾನು ಮದುವೆಯಾದದ್ದು. ನೀವು ಮೊದಲು ಕೇಳುತ್ತೀರಿ, ಆಮೇಲೆ ಕೈ ಹಾಕುತ್ತೀರಿ. ಕೇಳುವುದಕ್ಕೆ ಬೆರಳು ಬೇಕಾಗಿಲ್ಲ. ಕಾರು ಮೂರನೇ ಗೇರಿನಲ್ಲಿ ಒಂಥರಾ ಗೋಳಿಡುತ್ತದೆ, ಪ್ಲೇಟಿನ ಹತ್ತಿರ ಎಣ್ಣೆ ಜಿನುಗುತ್ತದೆ. ಹನುಮಯ್ಯನನ್ನು ಕೇಳಿದರೆ, ‘ಹೊಸ ಸೊಸೆ ಅಕ್ಕಾ, ಸ್ವಲ್ಪ ದಿನ ಅಳ್ತಾಳೆ’ ಎನ್ನುತ್ತಾನೆ. ನನಗೆ ನಂಬಿಕೆಯಿಲ್ಲ. ನೀವು ಪಕ್ಕದಲ್ಲಿ ಕುಳಿತು ಎಲ್ಲಿ ಎಂದು ಹೇಳಿ, ನಾನು ಬಿಚ್ಚುತ್ತೇನೆ. ತಪ್ಪು ಮಾಡಿದರೆ ಬೈಯಿರಿ. ನಿಮ್ಮ ಬೈಗುಳ ಕೇಳದೆ ಈ ಮನೆ ಬಿಕೋ ಎನ್ನುತ್ತಿದೆ.

ಆ ಕೈಯನ್ನು ಎಲ್ಲಿ ಇಟ್ಟುಕೊಂಡು ಕೂರಲಿ ಎಂದಿರಿ. ನನ್ನ ಕೈಯಲ್ಲಿ ಇಡಿ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೂರ ಕೂತು ಯೋಚನೆ ಮಾಡುತ್ತಾರೆಯೇ?

ಸಹಿ ಹಾಕಬೇಡಿ. ಇದಕ್ಕೆ ಉತ್ತರವನ್ನೂ ಬರೆಯಬೇಡಿ, ಬಲಗೈಯಲ್ಲೂ ಬೇಡ, ಎಡಗೈಯಲ್ಲೂ ಬೇಡ. ಪೋಸ್ಟ್‌ಮ್ಯಾನ್ ಮುನಿವೆಂಕಟಪ್ಪ ಸಂಜೆಯ ಟಪಾಲು ಹಂಚಲು ಬಂದಾಗ ಗೇಟಿನಲ್ಲೇ ತಡೆದು ಹೇಳಿದ್ದೇನೆ, ‘ಇನ್ಮೇಲೆ ಕುವೈತ್ ಕಾಗದ ಬಂದ್ರೆ ಈ ಮನೆಗೆ ಕೊಡಬೇಡಪ್ಪ’ ಎಂದು. ಅವನು ಗಾಬರಿಯಾಗಿ ಸೈಕಲ್ಲಿನಿಂದ ಇಳಿದ.

‘ಯಾಕ್ರಮ್ಮಾ? ಯಜಮಾನ್ರೇ ಬರ್ತಾ ಇದಾರಾ?’

ಹೌದು ಎಂದೆ. ಬೀದಿಯಲ್ಲಿ ನಿಂತು, ನಾಲ್ಕು ಮನೆಯವರಿಗೂ ಕೇಳುವ ಹಾಗೆ, ಹೌದು ಬರ್ತಾ ಇದಾರೆ ಎಂದುಬಿಟ್ಟೆ. ನನ್ನ ಮಾತು ಸುಳ್ಳು ಮಾಡಬೇಡಿ.

ರಾಜಿ